ಮಕ್ಕಳ ಫುಟ್‌ಬಾಲ್‌ಗೆ ಒಂದು ಹಳೆಯ ಬಿಳಿ ಲೆನ್ಸ್

ನನ್ನ ಮಗ ಹದಿಮೂರು ವರ್ಷದೊಳಗಿನವರ ತಂಡದಲ್ಲಿ ಆಡುತ್ತಾನೆ. ಎರಡು ವರ್ಷಗಳಿಂದ ಬೆಂಗಳೂರಿನ ಆಸ್ಟಿನ್ ಟೌನ್ ಮೊದಲ್ಗೊಂಡು ಊರಿನ ಹಲವು ಮೈದಾನಗಳಲ್ಲಿ, ಕ್ಯಾನನ್ 80ಡಿ ಕ್ಯಾಮೆರಾಕ್ಕೆ ಇಎಫ್ 70-200 ಎಂಎಂ ಎಫ್/4 ಎಲ್ ಯುಎಸ್‌ಎಂ ಲೆನ್ಸ್ ಹಾಕಿಕೊಂಡು ಅವನ ಪಂದ್ಯಗಳನ್ನು ಸೆರೆಹಿಡಿಯುತ್ತಿದ್ದೇನೆ. ಇದು 1999ರಲ್ಲಿ ಬಂದ ಮೊದಲ ಆವೃತ್ತಿ. 70-200 ಎಂಬುದು ಜೂಮಿನ ವ್ಯಾಪ್ತಿ, ಎಫ್ ಮುಂದಿನ ಅಂಕಿ ಚಿಕ್ಕದಾದಷ್ಟೂ ಲೆನ್ಸ್ ಹೆಚ್ಚು ಬೆಳಕನ್ನು ಒಳಬಿಡುತ್ತದೆ. ಕೈನಡುಕವನ್ನು ಸರಿದೂಗಿಸುವ ಐಎಸ್ ಸೌಲಭ್ಯ ಇದರಲ್ಲಿಲ್ಲ. ಬೇರೊಬ್ಬರು ಬಳಸಿದ್ದನ್ನು ₹28,000 ಕೊಟ್ಟು ಕೊಂಡೆ.

ಅದಕ್ಕೂ ಮೊದಲು ಮತ್ತೊಂದು ಅಂಗಡಿಯಲ್ಲಿ ಇದೇ ಲೆನ್ಸನ್ನು ಇನ್ನೂ ಕಡಿಮೆ ಬೆಲೆಗೆ ತೋರಿಸಿದ್ದರು. ಮೊಬೈಲಿನ ಟಾರ್ಚನ್ನು ಹಿಂಬದಿಯಿಂದ ಹಾಯಿಸಿ ನೋಡಿದಾಗ ಒಳಗಿನ ಗಾಜಿನ ಅಂಚಿನಲ್ಲಿ ಜೇಡರ ಬಲೆಯಂಥ ಎಳೆಗಳು ಕಂಡವು. ಅಂಗಡಿಯವರು ಅದನ್ನು ಧೂಳೆಂದರು, ಆದರೆ ಧೂಳು ಕವಲೊಡೆಯುವುದಿಲ್ಲ, ಅದು ಬೂಸ್ಟು. ಹಳೆಯ ಲೆನ್ಸ್ ಕೊಳ್ಳುವವರು ಈ ಒಂದು ಪರೀಕ್ಷೆಯನ್ನು ಮಾಡದೆ ಹಣ ಎಣಿಸಬಾರದು.

ಐಎಸ್ ಇಲ್ಲದ ಲೆನ್ಸ್ ಏಕೆ ಎಂದು ಹಲವರು ಕೇಳಿದ್ದಾರೆ. ಆ ಸೌಲಭ್ಯ ನಿಲ್ಲಿಸುವುದು ನಮ್ಮ ಕೈಯ ಅಲುಗಾಟವನ್ನೇ ಹೊರತು ಚೆಂಡಿನ ಹಿಂದೆ ಓಡುವ ಹುಡುಗನ ಕಾಲನ್ನಲ್ಲ. ಕಾಲನ್ನು ನಿಲ್ಲಿಸಲು ಶಟರ್ ವೇಗ ಸೆಕೆಂಡಿನ 1/1000ರಷ್ಟಾದರೂ ಇರಬೇಕು, ಆ ವೇಗದಲ್ಲಿ ಕೈ ನಡುಗಿದರೂ ಚಿತ್ರದಲ್ಲಿ ಕಾಣುವುದಿಲ್ಲ. ದೇವಸ್ಥಾನದ ಒಳಾಂಗಣವನ್ನೋ ಮದುವೆಮನೆಯನ್ನೋ ತೆಗೆಯುವವರಿಗೆ ಐಎಸ್ ಬೇಕು. ಆಟಕ್ಕೆ ಅದರ ಬೆಲೆ ತೆರುವುದು ನನಗೆ ಅನಗತ್ಯವೆನಿಸಿತು.

ನಾನು ಹೆಚ್ಚು ಮೆಚ್ಚಿದ್ದು ಇದರ ತೂಕವನ್ನು. ಇದೇ 70-200ರ ಎಫ್/2.8 ಮಾದರಿಯ ಎರಡನೆಯ ಐಎಸ್ ಆವೃತ್ತಿ 1,490 ಗ್ರಾಂ ತೂಗಿದರೆ ಇದು ಕೇವಲ 705 ಗ್ರಾಂ. ಐದಡಿಯೂ ಇಲ್ಲದ ಮಕ್ಕಳನ್ನು ನಿಂತುಕೊಂಡು ತೆಗೆದರೆ ನೆತ್ತಿ ಮತ್ತು ಹುಲ್ಲು ಮಾತ್ರ ಬರುತ್ತವೆ. ಮಂಡಿಯೂರಿ ಕುಳಿತರೆ ಕಣ್ಣು, ಕಚ್ಚಿದ ತುಟಿ, ಹಿಂದೆ ಆಕಾಶ. ಒಂದು ಪಂದ್ಯದಲ್ಲಿ ಐವತ್ತು ಸಲ ಕೂತು ಏಳುವ ನನ್ನಂಥ ನಡುವಯಸ್ಸಿನವರಿಗೆ ಅರ್ಧಕ್ಕರ್ಧ ತೂಕ ಇಳಿದದ್ದು ಸಣ್ಣ ಮಾತಲ್ಲ. ಆಟಗಾರ ಹತ್ತಿರವಿದ್ದರೆ ಎಫ್/4ರಲ್ಲಿಯೇ ಹಿಂದಿನ ಬೇಲಿಯೂ ಸಾಲುಗಟ್ಟಿದ ಸ್ಕೂಟರ್‌ಗಳೂ ಸಾಕಷ್ಟು ಕರಗಿಹೋಗುತ್ತವೆ.

ಫೋಕಸ್ ಚುರುಕಾಗಿದೆ. ಪಕ್ಕದಲ್ಲಿರುವ ಗುಂಡಿಯನ್ನು ಮೂರು ಮೀಟರಿನಿಂದ ಅನಂತದವರೆಗೆ ಎಂಬಲ್ಲಿಗೆ ಸರಿಸಿಟ್ಟರೆ ಲೆನ್ಸ್ ಎದುರಿನ ಹುಲ್ಲನ್ನು ಹುಡುಕಿಕೊಂಡು ಅಲೆಯುವುದಿಲ್ಲ. ಇದನ್ನು ತಿಳಿಯದೆ ನಾನು ಮೊದಲ ಎರಡು ತಿಂಗಳಲ್ಲಿ ಹಲವು ಗೋಲುಗಳನ್ನು ಕಳೆದುಕೊಂಡೆ. ದೂರದ ಮಟ್ಟಿಗೆ ಮಾತ್ರ ಇತಿಮಿತಿಯಿದೆ. 80ಡಿಯ ಚಿಕ್ಕ ಸೆನ್ಸರಿನಿಂದಾಗಿ 200 ಎಂಎಂ ಎಂಬುದು 320ರಷ್ಟು ಕಂಡರೂ, ನಲವತ್ತು ಮೀಟರಿನಾಚೆಯ ಹುಡುಗ ಚೌಕಟ್ಟಿನಲ್ಲಿ ಪುಟ್ಟವನಾಗುತ್ತಾನೆ. ಆದ್ದರಿಂದ ನಮ್ಮ ತಂಡ ದಾಳಿ ಮಾಡುವ ಕಡೆಯ ಮೂಲೆಯ ಬಾವುಟದ ಬಳಿ ಕುಳಿತು, ವಿರಾಮದ ನಂತರ ಎದುರು ತುದಿಗೆ ಹೋಗುತ್ತೇನೆ.

ಸಂಜೆ ದೀಪದಡಿ, ಬಲೆ ಸುತ್ತಿದ ಕೃತಕ ಹುಲ್ಲಿನ ಟರ್ಫ್‌ನಲ್ಲಿ ನಡೆಯುವ ಪಂದ್ಯಗಳಲ್ಲಿ ಈ ಲೆನ್ಸ್ ಸೋಲುತ್ತದೆ. ಶಟರನ್ನು 1/500ಕ್ಕೆ ಇಳಿಸಿ ಬೆಳಕಿಗೆ ಕ್ಯಾಮೆರಾದ ಸಂವೇದನೆಯನ್ನು ಸೂಚಿಸುವ ಐಎಸ್‌ಒವನ್ನು 6400ಕ್ಕೆ ಏರಿಸಿದರೂ ಚಿತ್ರ ಮಂಕು, ಕಾಳುಕಾಳು. ಸಾಲದ್ದಕ್ಕೆ, ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ ಎಷ್ಟೋ ದೀಪಗಳು ಸೆಕೆಂಡಿಗೆ ನೂರು ಸಲ ಮಿನುಗುವುದರಿಂದ ಒಂದೇ ಸರಣಿಯ ಒಂದು ಚಿತ್ರ ಬೆಳಗಿದರೆ ಮುಂದಿನದು ಕಪ್ಪಿಡುತ್ತದೆ. 80ಡಿಯ ಫ್ಲಿಕರ್ ತಡೆ ಇದನ್ನು ಬಹುಮಟ್ಟಿಗೆ ಸರಿಪಡಿಸುತ್ತದೆ, ಲೆನ್ಸಿನ ತಪ್ಪಂತೂ ಅಲ್ಲ. ಸುತ್ತಲಿನ ಬಲೆಗೆ ಲೆನ್ಸಿನ ಬಾಯಿಯನ್ನು ತಾಗಿಸಿ ಹಿಡಿದರೆ ದಾರಗಳು ಮಾಯವಾಗುತ್ತವೆ, ಒಂದಡಿ ಹಿಂದೆ ಸರಿದರೆ ಬಲೆಯೇ ಅಡ್ಡ ಬರುತ್ತದೆ. ಮಳೆ, ಧೂಳಿಗೆ ತಡೆಯಿಲ್ಲದ್ದರಿಂದ ಹನಿ ಬಿದ್ದ ಕೂಡಲೇ ನಾನು ಶವರ್ ಕ್ಯಾಪ್ ತೊಡಿಸುತ್ತೇನೆ.

ಬಿಳಿಯ ಬಣ್ಣ ಎಲ್ಲರ ಕಣ್ಣಿಗೂ ಬೀಳುತ್ತದೆ. "ಯಾವ ಪೇಪರ್‌ನವರು?" ಎಂದು ಅಜ್ಜನೊಬ್ಬರು ವಿಚಾರಿಸಿದ್ದರು. ಇತರರ ಮಕ್ಕಳ ಚಿತ್ರಗಳನ್ನು ಆಯಾ ಪೋಷಕರನ್ನು ಕೇಳಿಯೇ ತಂಡದ ವಾಟ್ಸಾಪ್ ಗುಂಪಿಗೆ ಹಾಕುತ್ತೇನೆ, ಅದರಾಚೆಗೆ ಎಲ್ಲಿಗೂ ಇಲ್ಲ.

ಬೆಳಗಿನ ಪಂದ್ಯಗಳಿಗೆ ಇದನ್ನು ಧೈರ್ಯವಾಗಿ ಕೊಳ್ಳಬಹುದು. ದೀಪದ ಬೆಳಕಿನಲ್ಲೇ ಹೆಚ್ಚು ಆಡುವ ಮಕ್ಕಳ ಪೋಷಕರು ಎಫ್/2.8ಕ್ಕೆ ಹಣ ಕೂಡಿಡಲಿ. ಮಗ ಮುಂದಿನ ವರ್ಷ ಹನ್ನೊಂದು ಜನರ ಆಟಕ್ಕೆ, ದೊಡ್ಡ ಮೈದಾನಕ್ಕೆ ಹೋಗುತ್ತಾನೆ. ಆಗ ಕ್ಯಾಮೆರಾಕ್ಕೂ ಲೆನ್ಸಿಗೂ ನಡುವೆ ಹಾಕಿ ದೂರದ್ದನ್ನು 1.4 ಪಟ್ಟು ಹತ್ತಿರ ತರುವ ಎಕ್ಸ್‌ಟೆಂಡರ್ ಸೇರಿಸಿ, ಎಫ್/5.6ಕ್ಕೆ ಇಳಿಯುವುದನ್ನು ಒಪ್ಪಿಕೊಂಡು, 280 ಎಂಎಂ ಸಾಕಾಗುತ್ತದೆಯೇ ಎಂದು ನೋಡಬೇಕಿದೆ.