ಎಂಟು ವರ್ಷ ಎನ್‌ಸೆಂಬಲ್ ಪ್ಲಾಂಟ್ಸ್ ಬಳಸಿದ ಮೇಲೆ

ಗಿಡ ಯಾವಾಗ ಹೂ ಬಿಡಬೇಕು ಎಂದು ತೀರ್ಮಾನಿಸುವ ಜೀನ್‌ಗಳ ಮೇಲೆ ನನ್ನ ಕೆಲಸ. ಒಂದು ಗಿಡದಲ್ಲಿ ಸಿಕ್ಕ ಜೀನ್‌ಗೆ ಇನ್ನೊಂದು ಬೆಳೆಯಲ್ಲಿ ಜೋಡಿ ಯಾವುದು ಎಂದು ಹುಡುಕುವುದರಲ್ಲೇ ಅರ್ಧ ದಿನ ಹೋಗುತ್ತದೆ. ಪ್ರಯೋಗಾಲಯದ ಪುಟ್ಟ ಗಿಡ ಅರಾಬಿಡಾಪ್ಸಿಸ್‌ನ ಮಾಹಿತಿ ಟೇರ್ ಎಂಬ ಡೇಟಾಬೇಸ್‌ನಲ್ಲಿ, ಮೆಕ್ಕೆಜೋಳದ್ದು ಮೇಜ್‌ಜಿಡಿಬಿಯಲ್ಲಿ, ಭತ್ತದ್ದು ಎರಡು ಕಡೆ, ಗೋಧಿಯದ್ದು ಮತ್ತೆಲ್ಲೋ. ಆರೇಳು ಟ್ಯಾಬ್ ತೆರೆದಿಟ್ಟುಕೊಂಡು ಇಲ್ಲಿಂದ ಕಾಪಿ ಮಾಡಿ ಅಲ್ಲಿ ಪೇಸ್ಟ್ ಮಾಡುತ್ತಾ ಕೂರುತ್ತಿದ್ದ ಕಾಲವೂ ಇತ್ತು. ಎಂಟು ವರ್ಷದಿಂದ ಅದರ ಬಹುಪಾಲು ಎನ್‌ಸೆಂಬಲ್ ಪ್ಲಾಂಟ್ಸ್‌ನಲ್ಲೇ ಮುಗಿಯುತ್ತಿದೆ; ಹಲವು ಗಿಡಗಳ ಜೀನೋಮ್ (ಇಡೀ ಡಿಎನ್‌ಎ) ಮಾಹಿತಿ ಒಟ್ಟಿಗೆ ಸಿಗುವ ತಾಣ ಅದು. 2009ರಲ್ಲಿ ಶುರುವಾದ ಎನ್‌ಸೆಂಬಲ್ ಜೀನೋಮ್ಸ್‌ನ ಒಂದು ಭಾಗ ಇದು. ಸಸ್ಯ ಜೀನೋಮ್‌ಗಳನ್ನು ಹೋಲಿಸಿ ನೋಡುವ ಗ್ರಾಮೀನ್ ಯೋಜನೆಯವರ ಜೊತೆ ಸೇರಿ ಕಟ್ಟಿದ್ದು, ಹಾಗಾಗಿ ಇಲ್ಲಿ ಕೈ ಪಳಗಿದರೆ ಗ್ರಾಮೀನ್‌ನಲ್ಲಿ ಹೊಸದಾಗಿ ಕಲಿಯುವುದು ಕಡಿಮೆ.

ಚದುರಿದ ಡೇಟಾಬೇಸ್‌ಗಳನ್ನು ಬೆಸೆಯಲು ದಾರಿ ಎರಡು. ಯಾರ ದತ್ತಾಂಶ ಅವರ ಮನೆಯಲ್ಲೇ ಇರಲಿ, ಕೇಳಿದಾಗ ಎಲ್ಲ ಕಡೆಯಿಂದ ತಂದು ತೋರಿಸೋಣ ಎನ್ನುವುದು ಒಂದು. 2001ರ ಡಿಎಎಸ್ ವ್ಯವಸ್ಥೆ ಆ ಜಾತಿಯದು, ಸಸ್ಯ ಡೇಟಾಬೇಸ್‌ಗಳಿಗಾಗಿ ಬಯೋಮೋಬಿ ಎಂಬ ವ್ಯವಸ್ಥೆಯಲ್ಲಿ ನಡೆದ ಪ್ರಯತ್ನವೂ ಅದೇ. ಕೇಳಲು ಚೆಂದ. ಆದರೆ ಐದು ಸರ್ವರ್‌ಗಳಲ್ಲಿ ಒಂದು ಮಲಗಿದರೂ ಉತ್ತರದಲ್ಲಿ ತೂತು ಬೀಳುತ್ತದೆ, ಬಿದ್ದದ್ದು ನಮ್ಮ ಗಮನಕ್ಕೆ ಬಾರದೆಯೂ ಹೋಗಬಹುದು. ಎರಡನೆಯದು ಎಲ್ಲವನ್ನೂ ಒಂದೇ ಉಗ್ರಾಣಕ್ಕೆ ತಂದು, ಒಂದೇ ಅಚ್ಚಿಗೆ ಹಾಕಿ, ಕಂತುಕಂತಾಗಿ ಬಿಡುಗಡೆ ಮಾಡುವುದು. ಎನ್‌ಸೆಂಬಲ್ ಪ್ಲಾಂಟ್ಸ್ ಈ ಎರಡನೆಯ ಬಗೆ. ಮೂಲ ಡೇಟಾಬೇಸ್‌ನಲ್ಲಿ ಇವತ್ತು ತಿದ್ದಿದ್ದು ಇಲ್ಲಿಗೆ ಬರಲು ಕಾಯಬೇಕು. ನನಗದು ದೊಡ್ಡ ನಷ್ಟ ಅನಿಸಿಲ್ಲ. ಇವತ್ತು ಕೇಳಿದ ಪ್ರಶ್ನೆಗೆ ನಾಳೆಯೂ ಅದೇ ಉತ್ತರ ಸಿಗುವುದು ನಮ್ಮ ಕೆಲಸದಲ್ಲಿ ಹೆಚ್ಚು ಮುಖ್ಯ.

ಭತ್ತದ ಕಥೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಹೆಚ್‌ಡಿ3ಎ ಎಂಬ ಜೀನ್ ಇದೆ, ಭತ್ತಕ್ಕೆ ತೆನೆ ಬರಲು ಸಂಜ್ಞೆ ಕೊಡುವುದು ಅದೇ. ಭತ್ತದ ಜೀನ್‌ಗಳನ್ನು ಗುರುತಿಸಿದ ಪಟ್ಟಿಗಳು ಎರಡಿವೆ: ಆರ್‌ಎಪಿ ಪಟ್ಟಿಯಲ್ಲಿ ಅದರ ಹೆಸರು ಓಎಸ್06ಜಿ0157700, ಎಂಎಸ್‌ಯು ಪಟ್ಟಿಯಲ್ಲಿ ಎಲ್‌ಓಸಿ_ಓಎಸ್06ಜಿ06320. ಗಿಡ ಒಂದೇ, ಎರಡೂ ಪಟ್ಟಿಗೆ ಆಧಾರವಾದ ಜೀನೋಮ್ ಅನುಕ್ರಮವೂ ಈಗ ಒಂದೇ. ಜೀನ್ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂದು ಗುರುತು ಹಾಕಿದ ಕೈಗಳು ಮಾತ್ರ ಬೇರೆ. ಅಲ್ಲಿ ಒಂದು ಎಂದಿರುವುದು ಇಲ್ಲಿ ಎರಡಾಗಿರಬಹುದು, ಅಲ್ಲಿರುವುದು ಇಲ್ಲಿ ಇಲ್ಲದೆಯೂ ಇರಬಹುದು. ಎನ್‌ಸೆಂಬಲ್ ಪ್ಲಾಂಟ್ಸ್ ಆರ್‌ಎಪಿ ಹೆಸರನ್ನು ಹಿಡಿದಿದೆ. ಹಳೆಯ ಪ್ರಬಂಧಗಳಲ್ಲಿ ಎಂಎಸ್‌ಯು ಹೆಸರೇ ತುಂಬಿಕೊಂಡಿರುವುದರಿಂದ ಎರಡನ್ನೂ ಹೊಂದಿಸುವ ಕೋಷ್ಟಕವೊಂದು ಕೈಯಲ್ಲಿ ಇರಲೇಬೇಕು. ಆರ್‌ಎಪಿಯವರೇ ಒಂದನ್ನು ಕೊಡುತ್ತಾರೆ. ಸಂಯೋಜನೆ, ಸಂಯೋಜನೆ ಎಂದು ನಾವು ಎಷ್ಟೇ ದೊಡ್ಡದಾಗಿ ಹೇಳಿಕೊಂಡರೂ ಅದು ನಿಂತಿರುವುದು ಇಂಥ ಎರಡು ಕಾಲಮ್‌ನ ಕೋಷ್ಟಕಗಳ ಮೇಲೆ.

ದಿನಬಳಕೆಗೆ ನನ್ನ ಕೈಗೆ ಹೊಂದಿದ್ದು ಈ ತಾಣದ ಬಯೋಮಾರ್ಟ್ ಎಂಬ ಹುಡುಕುವ ಸಾಧನ. ಮುನ್ನೂರು ಜೀನ್‌ಗಳ ಪಟ್ಟಿ ಹಾಕಿ, ಅವುಗಳ ಗೋಧಿ ಆರ್ಥೋಲಾಗ್ (ಒಂದೇ ಪೂರ್ವಜ ಜೀನ್‌ನಿಂದ ಬಂದ ಜೋಡಿ), ಕ್ರೋಮೋಸೋಮ್‌ನ ಸ್ಥಾನ, ಜೀನ್‌ನ ಕೆಲಸ ಹೇಳುವ ಜೀನ್ ಆಂಟಾಲಜಿ ಪದಗಳನ್ನು ಟಿಕ್ ಮಾಡಿದರೆ ಒಂದೇ ಫೈಲ್ ಇಳಿಯುತ್ತದೆ. ಪ್ರೋಗ್ರಾಮಿಂಗ್ ಬಾರದ ವಿದ್ಯಾರ್ಥಿಗೂ ಒಂದು ಮಧ್ಯಾಹ್ನದಲ್ಲಿ ಕಲಿಸಬಹುದು.

ಇಳಿದ ಫೈಲ್ ಅನ್ನು ಏನು ಮಾಡುತ್ತೀರಿ ಎನ್ನುವುದು ಬೇರೆ ಮಾತು. ಎರಡನೇ ವರ್ಷ ನನ್ನ ಪಟ್ಟಿಯಲ್ಲಿ ನಾಲ್ಕು ಜೀನ್ ಕಾಣೆಯಾದವು. ಪೋರ್ಟಲ್‌ನದೇ ತಪ್ಪು ಎಂದುಕೊಂಡು ಎರಡು ದಿನ ಬೈದುಕೊಂಡೆ. ಕೊನೆಗೆ ನೋಡಿದರೆ ಅವು ಹೂವಿನ ಭಾಗಗಳನ್ನು ರೂಪಿಸುವ ಸೆಪಾಲಾಟಾ ಗುಂಪಿನವು: ಎಸ್‌ಇಪಿ1ರಿಂದ ಎಸ್‌ಇಪಿ4. ಫೈಲ್ ಅನ್ನು ಸ್ಪ್ರೆಡ್‌ಶೀಟ್‌ನಲ್ಲಿ ತೆರೆದು ಸೇವ್ ಮಾಡಿದ್ದು ನಾನೇ. ಅದು ನಾಲ್ಕನ್ನೂ ಸೆಪ್ಟೆಂಬರ್ ತಿಂಗಳ ತಾರೀಖು ಮಾಡಿ ಕೂತಿತ್ತು. ಅಂದಿನಿಂದ ಹೆಸರಿನ ಜೊತೆ ಎಟಿ1ಜಿ24260 ತರಹದ ಐಡಿ ಇಲ್ಲದ ಪಟ್ಟಿಯನ್ನು ಯಾರಿಂದಲೂ ತೆಗೆದುಕೊಳ್ಳುವುದಿಲ್ಲ. ಇನ್ನೊಂದು ಬಲೆ ಎಣಿಕೆಯದು: ಜೀನ್‌ಗಳ ಸ್ಥಾನ ಬರೆದಿಡುವ ಫೈಲ್‌ಗಳಲ್ಲಿ ಜಿಎಫ್‌ಎಫ್3 ಒಂದರಿಂದ ಎಣಿಸುತ್ತದೆ, ಬೆಡ್ ಸೊನ್ನೆಯಿಂದ. ಅದನ್ನು ಮರೆತು ಪ್ರೈಮರ್ (ಆಯ್ದ ಡಿಎನ್‌ಎ ಭಾಗವನ್ನು ನಕಲು ಮಾಡಲು ಬೇಕಾದ ತುಣುಕು) ವಿನ್ಯಾಸವನ್ನು ಒಂದು ಅಕ್ಷರ ಆಚೆಗೆ ಸರಿಸಿದ್ದೂ ಉಂಟು. ಹೋಗಲಿ ಬಿಡಿ.

ಗೋಧಿಯ ಮೇಲೆ ಕೆಲಸ ಮಾಡುವವರು ಈ ತಾಣಕ್ಕೆ ಬರುವ ಮುಂಚೆ ಒಂದು ಮಾತು. ಸುಮಾರು 16 ಗಿಗಾಬೇಸ್‌ನ (1,600 ಕೋಟಿ ಡಿಎನ್‌ಎ ಅಕ್ಷರಗಳ) ಜೀನೋಮ್ ಅದರದು, ಮನುಷ್ಯನದಕ್ಕಿಂತ ಐದು ಪಟ್ಟು. ಎ, ಬಿ, ಡಿ ಎಂದು ಮೂರು ಉಪಜೀನೋಮ್‌ಗಳು, ಅಂದರೆ ಒಂದರೊಳಗೆ ಮೂರು ಜೀನೋಮ್, ಹಾಗಾಗಿ ಭತ್ತದ ಒಂದು ಜೀನ್‌ಗೆ ಗೋಧಿಯಲ್ಲಿ ಮೂರು ಸಿಗುವುದು ಸಹಜ. ಪರದೆಯ ಮೇಲೆ ಅದು ‘ಒಂದಕ್ಕೆ ಹಲವು’ ಎಂದು ಕಾಣಿಸುತ್ತದೆ. ಮೂರು ಬಂದರೆ ಗಾಬರಿ ಬೇಡ. ನಾಲ್ಕೋ ಎರಡೋ ಬಂದರೆ ಜೀನ್ ಟ್ರೀ (ಜೀನ್‌ಗಳ ವಂಶವೃಕ್ಷ) ತೆರೆದು ಕಣ್ಣಾರೆ ನೋಡಿ. ಆ ಮರದ ಚಿತ್ರ ಈ ತಾಣದ ಅತ್ಯುತ್ತಮ ಭಾಗ. ಕೋಷ್ಟಕವನ್ನಷ್ಟೇ ಇಳಿಸಿಕೊಂಡು ಹೋಗುವವರು ಅದನ್ನು ನೋಡುವುದೇ ಇಲ್ಲ.

ಆವೃತ್ತಿಗಳದ್ದು ಮುಗಿಯದ ತಲೆನೋವು. ಮೆಕ್ಕೆಜೋಳದ ಬಿ73 ತಳಿಯ ಜೀನ್ ಹೆಸರುಗಳು ಜೀನೋಮ್ ಜೋಡಣೆಯ ಆವೃತ್ತಿ ಬದಲಾದಂತೆ ಬದಲಾಗಿವೆ: ಜಿಆರ್‌ಎಂಜೆಡ್‌ಎಂ ಎಂದು ಶುರುವಾಗುತ್ತಿದ್ದವು ನಾಲ್ಕನೇ ಆವೃತ್ತಿಯಲ್ಲಿ ಜೆಡ್‌ಎಂ00001ಡಿ ಆದವು, ಐದನೆಯದರಲ್ಲಿ ಜೆಡ್‌ಎಂ00001ಇಬಿ. ನಾನು ನೆಚ್ಚಿಕೊಂಡಿದ್ದ ಸಣ್ಣ ಡೇಟಾಬೇಸ್ ಒಂದು ಅನುದಾನ ಮುಗಿದ ಮೇಲೆ ಸದ್ದಿಲ್ಲದೆ ಮುಚ್ಚಿಹೋಯಿತು. ಅದರ ಹಳೆಯ ಐಡಿಗಳು ನನ್ನ ನೋಟ್‌ಬುಕ್‌ನಲ್ಲಿ ಅನಾಥವಾಗಿ ಉಳಿದಿವೆ. ಈ ಕ್ಷೇತ್ರದಲ್ಲಿ ಹಣದ ಚಿಂತೆ ದೊಡ್ಡವರನ್ನೂ ಬಿಟ್ಟಿಲ್ಲ. ಟೇರ್ ಕೂಡ 2013ರಲ್ಲಿ ಸರ್ಕಾರಿ ಅನುದಾನ ನಿಂತಾಗ ಚಂದಾ ಪದ್ಧತಿಗೆ ಹೋಗಬೇಕಾಯಿತು. ಎನ್‌ಸೆಂಬಲ್ ಪ್ಲಾಂಟ್ಸ್ ಹಳೆಯ ಬಿಡುಗಡೆಗಳನ್ನು ಎಫ್‌ಟಿಪಿಯಲ್ಲಿ ಸಂಖ್ಯೆ ಹಾಕಿ ಇಟ್ಟಿರುವುದಕ್ಕೇ ನಾನು ಒಂದು ಸ್ಟಾರ್ ಹೆಚ್ಚು ಕೊಡುತ್ತೇನೆ.

ಐದಕ್ಕೆ ನಾಲ್ಕೂವರೆ. ಒಂದೇ ಗಿಡದ ಮೇಲೆ ಆಳವಾಗಿ ಕೆಲಸ ಮಾಡುವವರಿಗೆ ಆ ಗಿಡದ ಸ್ವಂತ ಡೇಟಾಬೇಸೇ ವಾಸಿ, ಮ್ಯುಟೆಂಟ್ ಬೀಜಗಳ ವಿವರವೆಲ್ಲ ಅಲ್ಲೇ ಹೆಚ್ಚು. ಎರಡು ಮೂರು ಬೆಳೆಗಳ ನಡುವೆ ಓಡಾಡುವವರು ಇಲ್ಲಿಂದ ಶುರುಮಾಡಿ, ಇಳಿಸಿಕೊಂಡ ಪ್ರತಿ ಫೈಲ್‌ನ ಹೆಸರಿಗೂ ಬಿಡುಗಡೆಯ ಸಂಖ್ಯೆ ಸೇರಿಸಿ. ನನ್ನ ಮೊದಲ ಎರಡು ವರ್ಷದ ಫೈಲ್‌ಗಳಲ್ಲಿ ಅದಿಲ್ಲ, ಇವತ್ತು ಅವು ಯಾವ ಕೆಲಸಕ್ಕೂ ಬಾರವು.