ಸ್ರಾವ ನಿಲ್ಲಿಸುವ ಮಾತ್ರೆಯನ್ನು ಮೆಡಿಕಲ್ ಶಾಪಿನಲ್ಲಿ ಕೇಳಿ ಪಡೆಯುವ ಮುನ್ನ

ನಲವತ್ತು ದಾಟಿದ ಹೆಂಗಸರ ಮುಟ್ಟು ಏರುಪೇರಾದಾಗ ನಮ್ಮ ಮನೆಗಳಲ್ಲಿ ಸಿಗುವ ಉತ್ತರ ಒಂದೇ: "ನಿಲ್ಲುವ ಕಾಲ, ಹಾಗೇ ಆಗುತ್ತದೆ." ಅರ್ಧ ನಿಜವಾಗಿರುವುದರಿಂದಲೇ ಈ ಮಾತು ಅಪಾಯಕಾರಿ. ನನ್ನ ಅಕ್ಕ ಇದನ್ನೂ, ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಸಿಕ್ಕ ಮಾತ್ರೆಯನ್ನೂ ನಂಬಿ ವರ್ಷಕ್ಕೂ ಹೆಚ್ಚು ಕಾಲ ಕಳೆದಳು. ಕೊನೆಗೆ ಆಸ್ಪತ್ರೆಗೆ ಸೇರಿಸಿದಾಗ ಅವಳ ಹಿಮೋಗ್ಲೋಬಿನ್ 5.6 ಇತ್ತು, ಗರ್ಭಿಣಿಯಲ್ಲದ ಹೆಂಗಸಿಗೆ ಅದು 12 ಗ್ರಾಂ ಆದರೂ ಇರಬೇಕು. ಇದನ್ನೆಲ್ಲ ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ಆಗ ಅಕ್ಕನಿಗೆ 47 ವರ್ಷ. ತಿಂಗಳಿಗೊಮ್ಮೆ ಬರುತ್ತಿದ್ದ ಮುಟ್ಟು ಒಮ್ಮೆ ಎರಡು ತಿಂಗಳು ತಪ್ಪುತ್ತಿತ್ತು, ಮತ್ತೊಮ್ಮೆ ಹದಿನೈದು ದಿನಕ್ಕೇ ಬಂದು ಹತ್ತು ಹನ್ನೆರಡು ದಿನ ಹೆಪ್ಪುಹೆಪ್ಪಾಗಿ ಹೋಗುತ್ತಿತ್ತು. ಗೃಹಪ್ರವೇಶಕ್ಕೋ ತಿರುಪತಿ ಯಾತ್ರೆಗೋ ಅಡ್ಡಿಯಾಗದಿರಲೆಂದು ಮುಟ್ಟು ಮುಂದೂಡಲು ಎಷ್ಟೋ ಜನ ನುಂಗುವ ನಾರೆಥಿಸ್ಟೆರೋನ್ ಮಾತ್ರೆ ಸ್ರಾವವನ್ನೂ ನಿಲ್ಲಿಸುತ್ತದೆ ಎಂದು ನೆಂಟರೊಬ್ಬರು ಹೇಳಿದರು. ನಿಂತಿತು ಕೂಡ. ಆದರೆ ಆ ಮಾತ್ರೆಯ ಗುಣವೇ ಹಾಗೆ: ನುಂಗುತ್ತಿರುವಷ್ಟು ದಿನ ಗರ್ಭಕೋಶದ ಒಳಪದರವನ್ನು ಹಿಡಿದಿಟ್ಟು, ಬಿಟ್ಟ ಎರಡು ಮೂರು ದಿನಗಳಲ್ಲಿ ಸಾಮಾನ್ಯವಾಗಿ ಮತ್ತೆ ಸ್ರಾವವಾಗುತ್ತದೆ. ಹಾಗಾಗಿ ಪ್ರತಿ ಸಲವೂ ಮಾತ್ರೆ ಕೆಲಸ ಮಾಡಿತೆಂದು ತೋರುತ್ತಿತ್ತು, ಪ್ರತಿ ಸಲವೂ ಇನ್ನೊಂದು ಸ್ಟ್ರಿಪ್ ಬರುತ್ತಿತ್ತು. ಸ್ರಾವ ಏಕೆ ಆಗುತ್ತಿದೆ ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಕೇಳಲಿಲ್ಲ. ಕೌಂಟರಿನಾಚೆ ನಿಂತವರು ಅದನ್ನು ಕೇಳುವವರೂ ಅಲ್ಲ.

ಈ ನಡುವೆ ದೇಹ ಸುಳಿವು ಕೊಡುತ್ತಲೇ ಇತ್ತು. ಮೆಟ್ಟಿಲು ಹತ್ತಿದರೆ ಏದುಸಿರು, ಕೂದಲು ಉದುರುವುದು, ಕಾಲು ಊತ. ಎಲ್ಲಕ್ಕಿಂತ ವಿಚಿತ್ರವೆಂದರೆ ಅಕ್ಕಿ ಆರಿಸಲು ಕುಳಿತವಳು ಹಿಡಿಹಿಡಿಯಾಗಿ ಹಸಿ ಅಕ್ಕಿ ತಿನ್ನುತ್ತಿದ್ದಳು. ಮನೆಮಂದಿಗೆ ಅದು ತಮಾಷೆಯಾಗಿತ್ತು. ಹಸಿ ಅಕ್ಕಿ, ಮಣ್ಣು, ಸೀಮೆಸುಣ್ಣ, ಐಸ್‌ಗಳ ಮೇಲೆ ಹುಟ್ಟುವ ಆಸೆ ಕಬ್ಬಿಣದ ಕೊರತೆಯ ಲಕ್ಷಣವಿರಬಹುದೆಂದು ಆಸ್ಪತ್ರೆಯಲ್ಲಿ ಹೇಳಿದಾಗಲೇ ನಮಗೆ ತಿಳಿದದ್ದು. ಬೀಟ್‌ರೂಟ್ ರಸ, ಖರ್ಜೂರಗಳ ಉಪಚಾರವೇನೋ ನಡೆದಿತ್ತು. ಆದರೆ ತಿಂಗಳು ತಿಂಗಳು ಅಷ್ಟು ರಕ್ತ ಹೋಗುತ್ತಿರುವಾಗ ಖರ್ಜೂರ ಅದನ್ನು ತುಂಬಿಕೊಡಲಾರದು.

ರಕ್ತ ಕೊಡಿಸಿದ ಮೇಲೆ ನಡೆದದ್ದು ನನ್ನ ದೃಷ್ಟಿಯಲ್ಲಿ ಎರಡನೆಯ ಅಪಾಯ. ಸ್ಕ್ಯಾನಿಂಗ್‌ನಲ್ಲಿ ಒಂದು ಚಿಕ್ಕ ಗಡ್ಡೆಯೂ ದಪ್ಪಗಾದ ಒಳಪದರವೂ ಕಂಡವು. ಅದನ್ನು ನೋಡಿದ ಖಾಸಗಿ ನರ್ಸಿಂಗ್ ಹೋಮಿನ ವೈದ್ಯರು, ಮಕ್ಕಳಾಗಿವೆಯಲ್ಲ, ಗರ್ಭಕೋಶ ಇನ್ನೇಕೆ, ತೆಗೆಸಿಬಿಡಿ ಎಂದು ಅದೇ ವಾರಕ್ಕೆ ದಿನ ಗೊತ್ತುಮಾಡಲು ಹೊರಟರು. ಒಳಪದರದ ಚೂರು ತೆಗೆದು ಬಯಾಪ್ಸಿಗೆ ಕಳಿಸುವ ಮಾತೇ ಅಲ್ಲಿ ಬರಲಿಲ್ಲ. ಅನಗತ್ಯವಾಗಿ ಗರ್ಭಕೋಶ ತೆಗೆಯುವ ಪಿಡುಗಿನ ಬಗ್ಗೆ ಸುಪ್ರೀಂ ಕೋರ್ಟ್ 2023ರಲ್ಲಿ, ಕೇಂದ್ರದ ಮಾರ್ಗಸೂಚಿಯನ್ನು ಅಳವಡಿಸಿಕೊಳ್ಳುವಂತೆ ರಾಜ್ಯಗಳಿಗೆ ಸೂಚಿಸಬೇಕಾಯಿತು ಎಂಬುದನ್ನು ನೆನೆದರೆ ಇದು ನಮ್ಮೊಬ್ಬರ ಮನೆಯ ಕಥೆಯಲ್ಲ. ಶಸ್ತ್ರಚಿಕಿತ್ಸೆ ನಿಜಕ್ಕೂ ಬೇಕಾಗುವ ಸಂದರ್ಭಗಳಿವೆ; ಆದರೆ ಮುಟ್ಟು ನಿಲ್ಲುವ ಮೊದಲೇ ಅಂಡಾಶಯಗಳನ್ನೂ ಜೊತೆಗೆ ತೆಗೆದರೆ ಮೂಳೆ ಮತ್ತು ಹೃದಯದ ಮೇಲೆ ಅದರ ಪರಿಣಾಮವಿರುತ್ತದೆ.

ನಾವು ಇನ್ನೊಬ್ಬ ಸ್ತ್ರೀರೋಗ ತಜ್ಞೆಯ ಬಳಿ ಹೋದೆವು. ಅವರು ಥೈರಾಯಿಡ್ ಪರೀಕ್ಷೆಯ ಜೊತೆಗೆ ಬಯಾಪ್ಸಿ ಮಾಡಿಸಿದರು. ಒಳಪದರ ಅತಿಯಾಗಿ ಬೆಳೆದಿತ್ತು, ಆದರೆ ಜೀವಕೋಶಗಳು ಕೆಟ್ಟಿರಲಿಲ್ಲ. ಅಂಡ ಬಿಡುಗಡೆಯಾಗದ ತಿಂಗಳುಗಳಲ್ಲಿ, ಒಳಪದರದ ಬೆಳವಣಿಗೆಯನ್ನು ಹತೋಟಿಯಲ್ಲಿಡುವ ಪ್ರೊಜೆಸ್ಟರೋನ್ ಹಾರ್ಮೋನ್ ಹುಟ್ಟುವುದಿಲ್ಲ. ಆಗ ಈಸ್ಟ್ರೋಜನ್ ಎಂಬ ಇನ್ನೊಂದು ಹಾರ್ಮೋನ್ ತಡೆಯಿಲ್ಲದೆ ಆ ಪದರವನ್ನು ಬೆಳೆಸುತ್ತಾ ಹೋಗುತ್ತದೆ, ಬೊಜ್ಜಿದ್ದವರಲ್ಲಿ ಕೊಬ್ಬೂ ಅದಕ್ಕೆ ತನ್ನ ಪಾಲು ಸೇರಿಸುತ್ತದೆ. ಇದನ್ನು ಹಾಗೆಯೇ ಬಿಟ್ಟರೆ ಕೆಲವರಲ್ಲಿ ಅದು ಕ್ಯಾನ್ಸರಿಗೂ ತಿರುಗಬಹುದು. ಅಕ್ಕನಿಗೆ ಗರ್ಭಕೋಶದೊಳಗೆ ಹಾರ್ಮೋನ್ ಬಿಡುವ ಸಾಧನವನ್ನು ಅಳವಡಿಸಿ, ಆರು ತಿಂಗಳ ನಂತರ ಮತ್ತೆ ಬಯಾಪ್ಸಿ ಮಾಡಿದರು. ವರದಿ ಸರಿಯಾಗಿ ಬಂತು. ಅವಳು ತಾನಾಗಿ ನುಂಗಿದ ಮಾತ್ರೆಯೂ ಈ ಸಾಧನದ ಔಷಧಿಯೂ ಪ್ರೊಜೆಸ್ಟರೋನಿನಂತೆ ಕೆಲಸ ಮಾಡುವ ಒಂದೇ ಗುಂಪಿಗೆ ಸೇರಿದವು. ಕಾರಣ ತಿಳಿದು, ಅಳತೆ ಕಟ್ಟಿ, ಫಲಿತಾಂಶ ನೋಡುವವರು ಈಗ ಒಬ್ಬರಿದ್ದರು, ಅಷ್ಟೇ ವ್ಯತ್ಯಾಸ. ಕಾಲಿನ ರಕ್ತನಾಳದಲ್ಲಿ ಹಿಂದೆ ಎಂದಾದರೂ ರಕ್ತ ಹೆಪ್ಪುಗಟ್ಟಿದ್ದವರಂತೂ ನಾರೆಥಿಸ್ಟೆರೋನನ್ನು ತಾವಾಗಿ ಮುಟ್ಟಲೇಬಾರದು.

ಹಾಗಾದರೆ ಯಾವುದು ಸಹಜ? ವಯಸ್ಕ ಹೆಂಗಸರಲ್ಲಿ ಮುಟ್ಟಿನ ಮೊದಲ ದಿನದಿಂದ ಮುಂದಿನ ಮುಟ್ಟಿನ ಮೊದಲ ದಿನಕ್ಕೆ ಸುಮಾರು 21ರಿಂದ 35 ದಿನಗಳ ಅಂತರವಿದ್ದು, ಸ್ರಾವ ಒಂದು ವಾರದೊಳಗೆ ಮುಗಿದರೆ ಚಿಂತೆಯಿಲ್ಲ. ಹೊಸದಾಗಿ ಋತುಮತಿಯಾದ ಹುಡುಗಿಯರಲ್ಲಿ ಮೊದಲ ಎರಡು ಮೂರು ವರ್ಷ ಅಂತರ 45 ದಿನಗಳವರೆಗೂ ಹೋಗಬಹುದು. ಮುಟ್ಟು ನಿಲ್ಲುವ ಕಾಲ ಹತ್ತಿರವಾದಂತೆ ಅಂತರ ಹಿಗ್ಗುವುದೂ ಸಹಜವೇ. ಆದರೆ ಸ್ರಾವ ಹೆಚ್ಚುವುದು, ಗಂಟೆಗೊಂದು ಪ್ಯಾಡ್ ಪೂರ್ತಿ ನೆನೆಯುವುದು, ಹತ್ತು ರೂಪಾಯಿ ನಾಣ್ಯದಷ್ಟು ಹೆಪ್ಪು ಬೀಳುವುದು, ಎರಡು ಮುಟ್ಟಿನ ನಡುವೆ ಅಥವಾ ಸಂಭೋಗದ ನಂತರ ರಕ್ತ ಕಾಣುವುದು, ಇವು ವಯಸ್ಸಿನ ಲೆಕ್ಕಕ್ಕೆ ಸೇರುವುದಿಲ್ಲ. ಮೂರು ತಿಂಗಳು ಮುಟ್ಟಾಗದಿದ್ದರೂ ಹೋಗಿ ತೋರಿಸಬೇಕು. ಗರ್ಭ ಧರಿಸುವ ಸಾಧ್ಯತೆ ಇದ್ದರೆ ಅಷ್ಟು ಕಾಯದೆ ಆ ಪರೀಕ್ಷೆಯನ್ನೇ ಮೊದಲು ಮಾಡಿಕೊಳ್ಳಬೇಕು. ಗಂಟೆಗೊಂದು ಪ್ಯಾಡ್‌ನಂತೆ ಕೆಲವು ಗಂಟೆ ಮುಂದುವರಿದು ತಲೆಸುತ್ತು ಬಂದರೆ ಬೆಳಗಾಗಲೆಂದು ಕಾಯದೆ ಅದೇ ರಾತ್ರಿ ಆಸ್ಪತ್ರೆಗೆ ಹೊರಡಿ.

ಮುಟ್ಟು ನಿಂತು ಒಂದು ವರ್ಷ ತುಂಬಿದ ಮೇಲೆ ಕಾಣುವ ರಕ್ತದ ವಿಷಯದಲ್ಲಿ ಈ ಲೆಕ್ಕಾಚಾರಗಳೊಂದೂ ಬೇಡ. ಒಂದೇ ಕಲೆಯಾದರೂ, ನೋವಿಲ್ಲದಿದ್ದರೂ, ಎಪ್ಪತ್ತರ ಅತ್ತೆಯವರು ಹೇಳಿಕೊಳ್ಳಲು ನಾಚಿಕೊಂಡರೂ, ಆ ವಾರವೇ ಕರೆದುಕೊಂಡು ಹೋಗಿ. ಮುಟ್ಟಾದ ದಿನಾಂಕಗಳು, ಬದಲಿಸಿದ ಪ್ಯಾಡುಗಳ ಲೆಕ್ಕ, ನುಂಗಿದ ಮಾತ್ರೆಗಳ ಖಾಲಿ ಸ್ಟ್ರಿಪ್‌ಗಳು ಜೊತೆಗಿರಲಿ. ಬಯಾಪ್ಸಿಯ ಪ್ರಸ್ತಾಪವೇ ಇಲ್ಲದೆ ಗರ್ಭಕೋಶ ತೆಗೆಯುವ ಮಾತು ಬಂದರೆ, ಬಯಾಪ್ಸಿ ಏಕೆ ಬೇಡವೆಂದು ಕೇಳಿ, ಸ್ಕ್ಯಾನಿಂಗ್ ವರದಿಯನ್ನು ಕೈಗೆ ಪಡೆದು ಇನ್ನೊಬ್ಬರಿಗೆ ತೋರಿಸಿ.