ಇನ್‌ಸ್ಟಾಲ್ ಆದ ಡೇಟಾಬೇಸ್‌ಗೆ ಬೀಗ ಹಾಕಬೇಕಾದವರು ಯಾರು? ನಾಲ್ಕನ್ನೂ ಹಾಕಿ ನೋಡಿದೆ

ಮಾಂಗೋಡಿಬಿ, ಪೋಸ್ಟ್‌ಗ್ರೆಸ್, ಎಲಾಸ್ಟಿಕ್‌ಸರ್ಚ್, ರೆಡಿಸ್: ಈ ನಾಲ್ಕು ಡೇಟಾಬೇಸ್‌ಗಳು ಇನ್‌ಸ್ಟಾಲ್ ಆದ ಹಾಗೇ ಬಿಟ್ಟರೆ ಎಷ್ಟು ಭದ್ರ ಎಂದು ನೋಡಲು ಎರಡು ಉಬುಂಟು 22.04 ವರ್ಚುವಲ್ ಮಷೀನ್ (ಕಂಪ್ಯೂಟರಿನೊಳಗೇ ಓಡುವ ಕಂಪ್ಯೂಟರ್) ಇಟ್ಟುಕೊಂಡೆ. ಒಂದರಲ್ಲಿ ಡೇಟಾಬೇಸ್ ಹಾಕುವುದು, ಯಾವ ಸೆಟ್ಟಿಂಗನ್ನೂ ಮುಟ್ಟದೆ ಇನ್ನೊಂದರಿಂದ ಒಳಗೆ ನುಗ್ಗಲು ನೋಡುವುದು. ಆಮೇಲೆ, ಆ್ಯಪ್ ಬೇರೆ ಸರ್ವರ್‌ನಲ್ಲಿದ್ದಾಗ ನಾವೆಲ್ಲ ಮಾಡುವ ಹಾಗೆ, ಹೊರಗಿನ ಕನೆಕ್ಷನ್‌ಗೆ ದಾರಿ ಬಿಟ್ಟು ಮತ್ತೆ ನೋಡುವುದು. ಬಣ್ಣ ಬಯಲಾಗಿದ್ದು ಈ ಎರಡನೇ ಸುತ್ತಿನಲ್ಲಿ.

ಮಾಂಗೋಡಿಬಿ 6 ಮೊದಲ ಸುತ್ತಿನಲ್ಲಿ ಪಾಸ್. 2017ರ ಕೊನೆಗೆ ಬಂದ 3.6 ಆವೃತ್ತಿಯಿಂದ ಅದು ಲೋಕಲ್‌ಹೋಸ್ಟ್ (ತಾನಿರುವ ಮಷೀನ್) ಬಿಟ್ಟು ಬೇರೆ ಕಡೆಯಿಂದ ಬಂದ ಕನೆಕ್ಷನ್ ತೆಗೆದುಕೊಳ್ಳುವುದಿಲ್ಲ. ಆದರೆ ಕಾನ್ಫಿಗ್ ಫೈಲಿನಲ್ಲಿ, ಯಾವ ವಿಳಾಸದಲ್ಲಿ ಕನೆಕ್ಷನ್ ತೆಗೆದುಕೊಳ್ಳಬೇಕು ಎಂದು ಹೇಳುವ ಬೈಂಡ್ ಐಪಿ ಸಾಲನ್ನು 0.0.0.0 (ಎಲ್ಲ ವಿಳಾಸ) ಮಾಡಿ ರೀಸ್ಟಾರ್ಟ್ ಕೊಟ್ಟೆ, ಅಷ್ಟೇ. ಇನ್ನೊಂದು ಮಷೀನಿನಿಂದ ಯೂಸರ್ ಹೆಸರಿಲ್ಲ, ಪಾಸ್‌ವರ್ಡ್ ಇಲ್ಲ, ಸೀದಾ ಒಳಗೆ. ನಾನೇ ತುಂಬಿಟ್ಟಿದ್ದ ಟೆಸ್ಟ್ ಡೇಟಾಬೇಸನ್ನು ಡ್ರಾಪ್ ಮಾಡಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಹೋಯಿತು. ಆಕ್ಸೆಸ್ ಕಂಟ್ರೋಲ್ (ಯಾರು ಏನು ಮಾಡಬಹುದು ಎಂಬ ತಪಾಸಣೆ) ಆನ್ ಆಗಿಲ್ಲ ಎಂಬ ಎಚ್ಚರಿಕೆ ಶೆಲ್ (ಕಮಾಂಡ್ ಕೊಡುವ ಕಿಟಕಿ) ತೆರೆದಾಗ ಬರುತ್ತದೆ, ನಿಜ. ಆದರೆ ಅದು ಯಾರನ್ನೂ ತಡೆಯುವುದಿಲ್ಲ. 2017ರ ಜನವರಿಯಲ್ಲಿ ಸಾವಿರಾರು ಮಾಂಗೋ ಸರ್ವರ್‌ಗಳ ಡೇಟಾ ಅಳಿಸಿ, 0.2 ಬಿಟ್‌ಕಾಯಿನ್ ಕೊಡಿ ಎಂದು ಚೀಟಿ ಬಿಟ್ಟುಹೋದವರು ಕೂಡ ಯಾವ ಬೀಗವನ್ನೂ ಒಡೆದಿರಲಿಲ್ಲ. ಇದು ನನಗೆ ಇಂದಿಗೂ ಸಂಕಟ ಕೊಡುವ ವಿಷಯ.

ಪೋಸ್ಟ್‌ಗ್ರೆಸ್ 14ರಲ್ಲಿ ಅದೇ ತಪ್ಪು ಮಾಡಿದೆ. ಲಿಸನ್ ಅಡ್ರೆಸಸ್ ಜಾಗದಲ್ಲಿ ನಕ್ಷತ್ರ (*, ಅಂದರೆ ಎಲ್ಲ ವಿಳಾಸ) ಹಾಕಿ ರೀಸ್ಟಾರ್ಟ್ ಕೊಟ್ಟೆ. ಪೋರ್ಟ್ 5432 ತೆರೆಯಿತು, ಆದರೂ ಒಳಗೆ ಬಿಡಲಿಲ್ಲ: ನಿನ್ನ ಐಪಿಗೆ ಎಚ್‌ಬಿಎ ಫೈಲಿನಲ್ಲಿ ಎಂಟ್ರಿ ಇಲ್ಲ ಎಂದಿತು. ಯಾವ ಯೂಸರ್, ಯಾವ ಡೇಟಾಬೇಸ್, ಎಲ್ಲಿಂದ, ಹೇಗೆ ಗುರುತು ಹಿಡಿಯಬೇಕು, ಎಲ್ಲವನ್ನೂ ಅಲ್ಲಿ ಸಾಲು ಬರೆದು ಹೇಳಬೇಕು. ಹೊಸಬರು 'ಪಿಯರ್ ಅಥೆಂಟಿಕೇಶನ್ ಫೇಲ್ಡ್' (ಮಷೀನಿನ ಯೂಸರ್‌ಗೂ ಡೇಟಾಬೇಸ್ ಯೂಸರ್‌ಗೂ ತಾಳೆಯಾಗಲಿಲ್ಲ) ನೋಡಿ ಬೇಸತ್ತುಹೋಗುವುದು ನನಗೂ ಗೊತ್ತು. ಆದರೂ ಒಂದು ಕೈತಪ್ಪಿಗೆ ಮನೆಯೆಲ್ಲ ಬಯಲಾಗದಂತೆ ಕಾಯುವುದು ಈ ಎರಡನೇ ಬಾಗಿಲೇ.

ಎಲಾಸ್ಟಿಕ್‌ಸರ್ಚ್ 8 ಎಲ್ಲಕ್ಕಿಂತ ಬಿಗಿ. ಇನ್‌ಸ್ಟಾಲ್ ಆಗುತ್ತಿದ್ದಂತೆ ಪಾಸ್‌ವರ್ಡ್ ತಾನೇ ಹುಟ್ಟಿಸಿ ಟರ್ಮಿನಲ್‌ನಲ್ಲಿ ತೋರಿಸಿತು, ಸರ್ಟಿಫಿಕೇಟನ್ನೂ ಮಾಡಿಕೊಂಡಿತು. ನಾನು ಹಳೇ ರೂಢಿಯಲ್ಲಿ ಎಚ್‌ಟಿಟಿಪಿ ಎಂದು ಕರ್ಲ್ (ಟರ್ಮಿನಲ್‌ನಿಂದ ಸರ್ವರ್‌ಗೆ ವಿನಂತಿ ಕಳಿಸುವ ಕಮಾಂಡ್) ಕೊಟ್ಟರೆ ಖಾಲಿ ಉತ್ತರ. ಎಚ್‌ಟಿಟಿಪಿಎಸ್ ಬೇಕು ಎಂದು ಹೊಳೆಯಲು ಅರ್ಧ ಗಂಟೆ ಹೋಯಿತು. ಆ ಅರ್ಧ ಗಂಟೆಯ ಬಗ್ಗೆ ನನಗೆ ದೂರಿಲ್ಲ.

ನನಗೆ ಹೆಚ್ಚು ಹಿಡಿಸಿದ್ದು ರೆಡಿಸ್ 7. ಸೋರ್ಸ್‌ನಿಂದ ಕಂಪೈಲ್ ಮಾಡಿ, ಕಾನ್ಫಿಗ್ ಫೈಲೇ ಕೊಡದೆ ಓಡಿಸಿದೆ. ಅದು ಮಷೀನಿನ ಎಲ್ಲ ನೆಟ್‌ವರ್ಕ್ ಇಂಟರ್‌ಫೇಸ್‌ಗೂ ತೆರೆದುಕೊಂಡಿತ್ತು. ಆದರೆ ಹೊರಗಿನಿಂದ ಕಮಾಂಡ್ ಕೊಟ್ಟ ಕೂಡಲೇ 'ಡಿನೈಡ್'. ಪಾಸ್‌ವರ್ಡ್ ಇಲ್ಲ, ಪ್ರೊಟೆಕ್ಟೆಡ್ ಮೋಡ್ ಆನ್ ಇದೆ, ಆದ್ದರಿಂದ ಬಿಡುವುದಿಲ್ಲ ಎಂದು ಹೇಳಿ, ಬೇಕಿದ್ದರೆ ಏನೇನು ಮಾಡಬಹುದು ಎಂಬ ನಾಲ್ಕು ದಾರಿಯನ್ನೂ ಅದೇ ಸಂದೇಶದಲ್ಲಿ ಬರೆದಿತ್ತು. 2016ರ 3.2 ಆವೃತ್ತಿಯಿಂದ ಹೀಗಿದೆ. ತಡೆಯುವುದೂ ಇದೇ, ಕಲಿಸುವುದೂ ಇದೇ.

ಕೆಲಸಕ್ಕೆ ಮಾಂಗೋ ಬೇಕೇ ಬೇಕು. ಈಗ ಮೊದಲು ಅಡ್ಮಿನ್ ಯೂಸರ್ ಮಾಡುತ್ತೇನೆ, ಆಮೇಲೆ ಆಥರೈಸೇಶನ್ (ಮೇಲೆ ಹೇಳಿದ ಆಕ್ಸೆಸ್ ಕಂಟ್ರೋಲ್) ಆನ್, ಪಾಸ್‌ವರ್ಡ್ ಇಲ್ಲದೆ ಒಮ್ಮೆ ಹೊಕ್ಕು ನೋಡಿ, ಅದು ತಡೆದ ಮೇಲೆಯೇ ಬೈಂಡ್ ಐಪಿಗೆ ಕೈ ಹಾಕುತ್ತೇನೆ.